ಅಳಿಯನ ಹಡಗು, ಅತ್ತೆಯ ಗಂಟು

ನಮ್ಮ ಕೆಳಗಿನ ಮನೆಯವರದು ಹಲ್ಲಿನ ಸೆಟ್ ಮಾಡುವ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದರ ಮೇಲೆ ಮೇಣ ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ಹಿಂದಿರುಗಿಸುವುದು ಅವರ ಕೆಲಸ. ಊರಿನ ಅರ್ಧದಷ್ಟು ಹಿರಿಯರು ನಗುತ್ತಿದ್ದುದು ಅವರ ಕೃಪೆಯಿಂದಲೇ. ಆದರೂ ಬೀದಿಯಲ್ಲಿ ಅವರನ್ನು ಹಲ್ಲಿನವರು ಎಂದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಹಡಗಪ್ಪ.

ಐವತ್ತು ದಾಟಿದ ಮೇಲೆ ಹಳೇ ಪುಸ್ತಕದಂಗಡಿಯಲ್ಲಿ ಅವರಿಗೆ ಮೂರು ಕಂಬದ ಹಾಯಿಹಡಗಿನ ನಕ್ಷೆಯೊಂದು ಸಿಕ್ಕಿತ್ತು. ಅಂದಿನಿಂದ ಮೊಳದುದ್ದದ ಮರದ ಹಡಗು ಕಟ್ಟುವ ಗೀಳು ಅಂಟಿಕೊಂಡಿತು. ಕಡ್ಡಿಯಷ್ಟು ತೆಳುವಾದ ಹಲಗೆಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಒಂದರ ಪಕ್ಕ ಒಂದು ಅಂಟಿಸುವರು. ಕೈ ಹೋಗದ ಸಂದಿಗಳನ್ನು ವೈದ್ಯರು ಬಾಯೊಳಗೆ ಇಡುವ ಪುಟ್ಟ ಕನ್ನಡಿಯಲ್ಲಿ ನೋಡುವರು. ಹಡಗಿಗೂ ಹಲ್ಲಿಗೂ ಒಂದೇ ಚಿಮಟ, ಒಂದೇ ಅರ. ಊಟದ ಮೇಜಿನ ಅರ್ಧ ಭಾಗ ಖಾಯಂ ಆಗಿ ಹಡಗಿನ ಪಾಲಾಗಿತ್ತು.

ಅದೇ ಮನೆಯಲ್ಲಿ ಅವರ ಅತ್ತೆಯೂ ಇದ್ದರು. ಎಪ್ಪತ್ತಾರರ ವಯಸ್ಸು, ಕೈಯಲ್ಲಿ ಸದಾ ಕ್ರೋಶಾ ಕಡ್ಡಿ. ರೇಡಿಯೋದಿಂದ ಹಿಡಿದು ನೀರಿನ ಹೂಜಿಯವರೆಗೆ ಆ ಮನೆಯಲ್ಲಿ ಜಾಲರಿಯ ಹೊದಿಕೆ ಇಲ್ಲದ ವಸ್ತುವೇ ಇರಲಿಲ್ಲ. ಈ ಅತ್ತೆಗೂ ಅಳಿಯನಿಗೂ ಒಂಬತ್ತು ವರ್ಷಗಳಿಂದ ಮಾತಿಲ್ಲ. ಕಾರಣ ಹಲ್ಲು. ಅಳಿಯ ಮುತುವರ್ಜಿಯಿಂದ ಮಾಡಿಕೊಟ್ಟ ಸೆಟ್ ಒತ್ತುತ್ತದೆ ಎಂದು ಅತ್ತೆ ಪಕ್ಕದ ಮನೆಯಲ್ಲಿ ಹೇಳಿದ್ದರು. ಸೆಟ್ ನೆಟ್ಟಗಿದೆ, ದವಡೆಯೇ ಸೊಟ್ಟ ಎಂದು ಅಳಿಯ ಅದೇ ಪಕ್ಕದ ಮನೆಯಲ್ಲಿ ಹೇಳಿದರು. ಅತ್ತೆ ಬೇರೆ ಕಡೆ ಸೆಟ್ ಮಾಡಿಸಿಕೊಂಡರು. ಅಲ್ಲಿಂದಾಚೆ ಶಾಲೆಯ ಟೀಚರಾಗಿದ್ದ ಮಗಳ, ಅಂದರೆ ಹಡಗಪ್ಪನ ಹೆಂಡತಿಯ, ಮೂಲಕವೇ ಎಲ್ಲ ವ್ಯವಹಾರ. ಒಂದೇ ಕೋಣೆಯಲ್ಲಿ ಎದುರುಬದುರು ಕೂತು, "ಫ್ಯಾನ್ ಹಾಕಬೇಕಂತಾ ಕೇಳು" ಎನ್ನುವರು ಒಬ್ಬರು. "ಬೇಡ ಅಂತ ಹೇಳು" ಎನ್ನುವರು ಇನ್ನೊಬ್ಬರು.

ಹಡಗು ಮುಗಿದ ಭಾನುವಾರ ನಮ್ಮನ್ನೂ ಕರೆದಿದ್ದರು. ಹಾಯಿಗಳು ಉಬ್ಬಿ ನಿಂತಿದ್ದವು. ಮೂರು ಕಂಬಗಳ ತುದಿಯಲ್ಲೂ ಕೆಂಪು ಬಾವುಟ. ಹಡಗಪ್ಪ ನೆರೆದವರಿಗೆ ಒಂದೊಂದನ್ನೇ ತೋರಿಸುತ್ತಿದ್ದಾಗ ಅತ್ತೆ ತಾರಸಿಯಿಂದ ಒಣಗಿದ ಬಟ್ಟೆ ಹೊತ್ತು ಇಳಿದು ಬಂದರು. ಹಡಗನ್ನು ಎರಡು ಸುತ್ತು ನೋಡಿದರು.

"ಅಳಿಯಂದ್ರೇ, ಗಾಳಿ ಯಾವ ಕಡೆಯಿಂದ ಬರ್ತಿದೆ?" ಎಂದರು.

ಮಗಳು ಹಿಡಿದಿದ್ದ ತಟ್ಟೆಯನ್ನು ಕೆಳಗಿಟ್ಟಳು. ಒಂಬತ್ತು ವರ್ಷದಲ್ಲಿ ಇದು ಮೊದಲ ನೇರ ಮಾತು. ಹಡಗಪ್ಪ ತಡವರಿಸಿ, ಹಿಂದಿನಿಂದ ಬರ್ತಿದೆ, ಅದಕ್ಕೇ ಹಾಯಿ ಮುಂದಕ್ಕೆ ಉಬ್ಬಿದೆ ಎಂದರು.

"ಮತ್ತೆ ಬಾವುಟ ಯಾಕೆ ಹಿಂದಕ್ಕೆ ಹಾರ್ತಿದೆ? ಐವತ್ತು ವರ್ಷ ಬಟ್ಟೆ ಒಣಹಾಕಿದ್ದೀನಿ. ಒಂದೇ ಗಾಳಿಗೆ ಹೊದಿಕೆ ಆ ಕಡೆ, ಟವೆಲ್ ಈ ಕಡೆ ಹಾರಿದ್ದನ್ನ ನಾನಂತೂ ನೋಡಿಲ್ಲ."

ಯಾರೋ ಕೆಮ್ಮಿದರು. ಹಡಗಪ್ಪ ಬಾವುಟವನ್ನೊಮ್ಮೆ ಹಾಯಿಯನ್ನೊಮ್ಮೆ ನೋಡಿದರು. ಮುಖ ಬಾವುಟದ ಬಣ್ಣಕ್ಕೆ ತಿರುಗಿತು. ಅತ್ತೆ ಬಟ್ಟೆ ಮಡಿಸಲು ಒಳಗೆ ಹೋದರು.

ಮರುದಿನ ಬಾವುಟ ಕೀಳಲು ಹೋದರೆ ಅದು ಬರಲಿಲ್ಲ. ಹಲ್ಲಿಗೆ ಬಳಸುವ ಅಂಟು, ಕಚ್ಚಿ ಹಿಡಿದಿತ್ತು. ಜೋರು ಮಾಡಿದ್ದಕ್ಕೆ ಮುಂದಿನ ಕಂಬದ ತುದಿಯೇ ಲಟಕ್ಕೆಂದು ಮುರಿದು, ಅದಕ್ಕೆ ಕಟ್ಟಿದ್ದ ಹಗ್ಗಗಳೆಲ್ಲ ಜೋತುಬಿದ್ದವು. ಕಂಬವನ್ನೇನೋ ಹೊಸದು ಮಾಡಿದರು. ಆದರೆ ನಾವಿಕರು ಮೇಲೆ ಹತ್ತುವ ಹಗ್ಗದ ಏಣಿಗಳಿರುತ್ತವಲ್ಲ, ಅವು ಪಟ್ಟು ಹಿಡಿದವು. ಮೆಟ್ಟಿಲಿನ ದಾರ ಎಳೆದು ಕಟ್ಟಿದರೆ ಏಣಿಯ ನಡು ಸಣ್ಣಗಾಗುತ್ತದೆ. ಸಡಿಲ ಬಿಟ್ಟರೆ ಮೆಟ್ಟಿಲು ಜೋಲುತ್ತದೆ. ಎರಡು ದಿನ ಕಟ್ಟಿದ್ದೂ ಬಿಚ್ಚಿದ್ದೂ ಆಯಿತು. ಮೂರನೇ ದಿನ ಅವರು ಎದ್ದು ಅತ್ತೆಯ ಕುರ್ಚಿಯ ಮುಂದೆ ಹೋಗಿ ನಿಂತರು.

"ಅತ್ತೆ, ಈ ದಾರ ನನ್ನ ಮಾತು ಕೇಳ್ತಿಲ್ಲ. ನೀವೊಂದು ಸಲ ನೋಡ್ತೀರಾ?"

ಅತ್ತೆ ಕೈಯಲ್ಲಿದ್ದ ಹೆಣಿಗೆಯ ಸಾಲನ್ನು ಪೂರ್ತಿ ಮುಗಿಸಿದರು. ಉದ್ದನೆಯ ಸಾಲೇ ಇತ್ತು. ಆಮೇಲೆ ಕನ್ನಡಕ ಒರೆಸಿಕೊಂಡು ಮೇಜಿಗೆ ಬಂದರು. ಮಗಳ ನೋಟ್‌ಬುಕ್ಕಿನಿಂದ ಗೆರೆ ಹಾಳೆಯೊಂದನ್ನು ಹರಿದು ಏಣಿಯ ಹಿಂದೆ ನಿಲ್ಲಿಸಿದರು. ಗೆರೆಯ ಮೇಲೆ ದಾರ ಇಟ್ಟು ಮೊದಲು ನಡುವೆ, ಆಮೇಲೆ ಎರಡು ತುದಿಗಳಲ್ಲಿ ಗಂಟು ಹಾಕಿದರು. ಬಿಗಿ ಮಾಡಬೇಕಾದ್ದು ಗಂಟನ್ನ, ದಾರವನ್ನಲ್ಲ ಎಂದು ವಿವರಿಸಿದರು. ಹತ್ತು ಮೆಟ್ಟಿಲು ಕಟ್ಟಿದ ಮೇಲೆ ಉಳಿದ ಕಂಬಗಳನ್ನೂ ನೋಡಿ, ಅವನ್ನೂ ಬಿಚ್ಚಿಬಿಡಿ ಎಂದರು.

ಮೂರು ತಿಂಗಳು ಹಿಡಿಯಿತು. ಮೊದಮೊದಲು ದಾರದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ ಜಗಳ ಶುರುವಾಯಿತು, ಅದೂ ನೇರವಾಗಿ. ಗಂಟಿಗೆ ಅಂಟು ಹಾಕುವುದು ಸೋಮಾರಿತನ ಎಂದು ಅತ್ತೆಯ ವಾದ. ಅವರ ದಾರ ದಪ್ಪ, ಈ ಹಡಗಿನ ಅಳತೆಗೆ ಅದು ತೊಡೆಗಾತ್ರದ ಹಗ್ಗವಾಗುತ್ತದೆ ಎಂದು ಅಳಿಯನ ತಕರಾರು. ಕೊನೆಗೆ ಸಣ್ಣ ದಾರ ತಂದು, ಅದರ ಜುಂಗು ಕೂರಲೆಂದು ಅಳಿಯನ ಮೇಣದಲ್ಲಿ ಎಳೆದು, ಅತ್ತೆಯ ಗಂಟು ಹಾಕುವುದೆಂದು ರಾಜಿಯಾಯಿತು.

ಒಂದು ಮಧ್ಯಾಹ್ನ ಅತ್ತೆ ದಾರವನ್ನು ಹಲ್ಲಿನಿಂದ ಕಚ್ಚಲು ಹೋಗಿ ಮುಖ ಕಿವುಚಿದರು. ಹಡಗಪ್ಪನ ಕಸುಬಿನ ಕಣ್ಣಿಗೆ ಅದು ತಪ್ಪಲಿಲ್ಲ. ಎಡಗಡೆ ಒತ್ತುತ್ತಾ ಎಂದು ಕೇಳಿದರು.

"ಇದೂ ಒತ್ತತ್ತೆ. ನನ್ನ ದವಡೆನೇ ಸೊಟ್ಟ ಇರಬಹುದು ಬಿಡಿ," ಎಂದರು ಅತ್ತೆ.

"ಇಲ್ಲ ಅತ್ತೆ. ಆವತ್ತು ನಾನೇ ಅವಸರ ಮಾಡಿದ್ದೆ. ಇನ್ನೊಂಚೂರು ಉಜ್ಜಬೇಕಿತ್ತು."

ಅತ್ತೆ ಒಳಗೆ ಹೋಗಿ, ಸೆಟ್ಟನ್ನು ತೊಳೆದು ಬಟ್ಟಲಿನಲ್ಲಿ ತಂದು ಅಳಿಯನ ಮುಂದಿಟ್ಟರು. ಅವರು ಅರ ತೆಗೆದುಕೊಂಡು ಒಂದು ಗಂಟೆ ಉಜ್ಜಿದರು. ಅಷ್ಟು ಹೊತ್ತೂ ಅತ್ತೆ ಬೊಚ್ಚುಬಾಯಲ್ಲೇ ಗಂಟು ಹಾಕುತ್ತ, ಅರ್ಥವಾಗದ ಉಚ್ಚಾರದಲ್ಲಿ ಅಂಟನ್ನು ಬೈಯುತ್ತಿದ್ದರು.

ಗ್ರಂಥಾಲಯದ ಸಭಾಂಗಣದಲ್ಲಿ ಹವ್ಯಾಸಿಗಳ ಪ್ರದರ್ಶನವಿತ್ತು. ಹಡಗನ್ನು ಅಲ್ಲಿಟ್ಟರು. ಸರಕಿನ ಹಡಗುಗಳಲ್ಲಿ ದುಡಿದು ನಿವೃತ್ತರಾದ ಒಬ್ಬರು ಬಂದು, ಬಗ್ಗಿ, ಬಹಳ ಹೊತ್ತು ಏಣಿಗಳನ್ನೇ ನೋಡಿದರು. ಈ ಗಂಟು ಹಾಕಿದ್ದು ಯಾರು ಎಂದು ಕೇಳಿದರು.

"ನಮ್ಮ ಅತ್ತೆ," ಎಂದರು ಹಡಗಪ್ಪ, ಕೇಳಿದ್ದಕ್ಕಿಂತ ಜೋರಾಗಿ.

ಆತ ತಿರುಗಿ, ಯಾವ ಹಡಗಿನಲ್ಲಿದ್ರಿ ಅಮ್ಮ ಎಂದು ವಿಚಾರಿಸಿದರು. ನಾನು ದೋಣಿ ಕೂಡ ಹತ್ತಿದವಳಲ್ಲ ಎಂದು ಅತ್ತೆ ಸೆರಗು ಸರಿಮಾಡಿಕೊಂಡರು.

ಮೊದಲ ಬಹುಮಾನ ಬೆಂಕಿಕಡ್ಡಿಯ ಅರಮನೆಗೆ ಹೋಯಿತು. ಬಸ್ಸಿನಲ್ಲಿ ಅತ್ತೆ ಅಳಿಯ ಒಂದೇ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಆ ಅರಮನೆಯನ್ನು ಜಾಲಾಡಿದರು. ಹಿಂದಿನ ಸೀಟಿನಲ್ಲಿ ಮಗಳು ಹಡಗನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅರಮನೆಗೆ ಎರಡು ಅಂತಸ್ತು ಇದೆ, ಮೆಟ್ಟಿಲೇ ಇಲ್ಲ, ರಾಜ ಮೇಲೆ ಹೋಗುವುದು ಹೇಗೆ ಎಂದು ಅತ್ತೆ ಕೇಳಿದಾಗ ಹಡಗಪ್ಪ ಎಷ್ಟು ನಕ್ಕರೆಂದರೆ, ತಮ್ಮ ಸ್ಟಾಪು ದಾಟಿ ಮುಂದೆ ಹೋಗಿ ಮೂವರೂ ನಡೆದು ಬರಬೇಕಾಯಿತು.