ಕರಾವಳಿ ಕಾಯುವ ಹಡಗು, ಎರಡು ವಾರದ ಚಟ್ನಿಪುಡಿ

ಮಗಳು ಕರಾವಳಿ ಕಾವಲಿನ ಕೆಲಸಕ್ಕೆ ಸೇರಿದಾಗ ನಾನು ಅಷ್ಟೇನೂ ಹೆದರಲಿಲ್ಲ. ಕರಾವಳಿ ಅಂದಮೇಲೆ ಇಲ್ಲೇ ಇರುತ್ತಾಳೆ ಎಂದುಕೊಂಡೆ. ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕಾಯುತ್ತ ನಿಂತವರಿಗೆಲ್ಲ ಹೇಳಿಯೂ ಬಂದೆ: "ದೂರ ಎಲ್ಲೂ ಕಳಿಸಲ್ಲಾರೀ, ಇಲ್ಲೇ ದಡದಲ್ಲೇ ಡ್ಯೂಟಿ." ಎರಡು ವಾರಕ್ಕೊಮ್ಮೆ ಅವಳು ಪಾರ್ಸಿಪನಿಯ ನಮ್ಮ ಮನೆಗೆ ಬರುತ್ತಿದ್ದಳು. ಎರಡು ವಾರಕ್ಕಾಗುವಷ್ಟು ಚಟ್ನಿಪುಡಿಯನ್ನು ಪುಟ್ಟ ಬಾಟಲಿಗೆ ತುಂಬಿ ಕೊಡುತ್ತಿದ್ದೆ. ಖಾಲಿ ಬಾಟಲಿ ತಪ್ಪದೆ ವಾಪಸ್ ಬರುತ್ತಿತ್ತು.

ಹೋದ ಚಳಿಗಾಲದಲ್ಲಿ ಒಮ್ಮೆ ಬಂದವಳು, "ಬೇರೆ ಕಡೆ ಹೋಗೋಕೆ ಆರ್ಡರ್ಸ್ ಬರಬಹುದು ಅಮ್ಮಾ," ಎಂದಷ್ಟೇ ಹೇಳಿದಳು. ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕುಕ್ಕರಿನ ಸೀಟಿ ಎಣಿಸುವುದು ಮರೆತು ಬೇಳೆ ತಳ ಹಿಡಿಯಿತು. ಮನೆಯಲ್ಲಿ ಕೂರಲಾರದೆ ಅವಳನ್ನೂ ಹೊರಡಿಸಿಕೊಂಡು ನದಿದಂಡೆಯ ಚಿಕ್ಕದೊಂದು ಹಡಗು ಮ್ಯೂಸಿಯಮ್ಮಿಗೆ ಡ್ರೈವ್ ಮಾಡಿದೆ.

ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಕಾಲದ ಉಗಿ ಯುದ್ಧನೌಕೆಯ ಮಾದರಿಯಿತ್ತು. ಪಕ್ಕದ ಫಲಕದಲ್ಲಿ ಅದರ ಚರಿತ್ರೆ. ಬಂದರು ಕಾಯಲೆಂದೇ ಕಟ್ಟಿದ್ದು. ಡೆಕ್ ಎಷ್ಟು ತಗ್ಗೆಂದರೆ ಸಣ್ಣ ಅಲೆಯೂ ಮೇಲೆ ಹಾಯುತ್ತಿತ್ತು. ದೂರ ಹೋಗುವ ಮಾತಿಲ್ಲದ್ದರಿಂದ ಕಲ್ಲಿದ್ದಲಿಗೆ ಇಟ್ಟ ಜಾಗವೂ ಕಡಿಮೆ. ನನಗೆ ಜೀವ ಬಂದಂತಾಯಿತು.

"ನೋಡು, ಇದೂ ನಿನ್ನ ಥರಾನೇ. ದಡ ಬಿಟ್ಟು ಹೋಗಲ್ಲ."

"ಕೀಪ್ ರೀಡಿಂಗ್, ಅಮ್ಮಾ."

ಓದಿದೆ. ಸಾಗರದಾಚೆ ಯುದ್ಧ ಶುರುವಾದಾಗ ಅದನ್ನೇ ಕಳಿಸಿದರಂತೆ. ಅದರ ಕಲ್ಲಿದ್ದಲು ಸಾಲದೆಂದು ಇನ್ನೊಂದು ಹಡಗು ಕಲ್ಲಿದ್ದಲು ಹೊತ್ತು ಜೊತೆಗೆ ಹೋಯಿತಂತೆ, ದಾರಿಯುದ್ದಕ್ಕೂ ಇದನ್ನು ಹಗ್ಗ ಕಟ್ಟಿ ಎಳೆದುಕೊಂಡು. ಮರಳಿ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಗುಜರಿಗೆ.

"ಯಾವ ಪುಣ್ಯಾತ್ಮ ಕಳಿಸಿದ್ದು ಇದನ್ನ? ದಡಕ್ಕೆ ಅಂತ ಕಟ್ಟಿ, ಇದೇನು ಅನ್ಯಾಯ!" ಎಂದು ರೇಗಿದೆ. ಬಾಗಿಲ ಬಳಿಯ ಕಾವಲುಗಾರ ತಿರುಗಿ ನೋಡಿದ.

ಸದಾ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಮೆಲ್ಲಗೆ ಕನ್ನಡದಲ್ಲಿ ಹೇಳಿದಳು: "ನಂಗೂ ಆರ್ಡರ್ಸ್ ಬಂದಿದೆ ಅಮ್ಮಾ. ಆರು ತಿಂಗಳು. ತುಂಬಾ ದೂರ."

ಅವಳನ್ನು ಹೊರಡಿಸಿಕೊಂಡು ಮನೆ ಕಡೆ ಡ್ರೈವ್ ಮಾಡಿದೆ. ಸಿಟ್ಟು ಯಾರ ಮೇಲೆಂದು ನನಗೇ ಗೊತ್ತಿರಲಿಲ್ಲ. ಮನೆಗೆ ಬಂದೊಡನೆ ಅವಳು ತೊಳೆದಿಟ್ಟಿದ್ದ ಪುಟ್ಟ ಬಾಟಲಿಯನ್ನು ಕಪಾಟಿನೊಳಗೆ ತಳ್ಳಿ, ಹಬ್ಬಕ್ಕೆ ಮಾತ್ರ ಇಳಿಸುವ ಸ್ಟೀಲ್ ಡಬ್ಬಿ ಇಳಿಸಿದೆ. ಕಡಲೆಬೇಳೆ ಹುರಿಯಲು ಇಟ್ಟೆ.

"ಅಮ್ಮಾ, ದಟ್ಸ್ ಟೂ ಮಚ್."

"ಸುಮ್ನಿರು. ಸಾಲ್ದೆ ಹೋದ್ರೆ ಹಿಂದೆ ಹೊತ್ಕೊಂಡು ಬರೋಕೆ ನಂಗಾಗಲ್ಲ," ಎಂದೆ.