ದೃಷ್ಟಿಗೆ ಕಟ್ಟಿದ ಮುಖ

ಹೆಂಡತಿ ಬಿಟ್ಟುಹೋದ ವರ್ಷ ನಾನು ಕನ್ನಡಿಯ ಮುಂದೆ ಕೂತು ನನ್ನದೇ ಮುಖವನ್ನು ಆರು ಸಲ ಬರೆದೆ. ಸುಂಟಿಕೊಪ್ಪದಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುವ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಸೇಡು ಹೊಳೆಯಲಿಲ್ಲ. ಐದು ಚಿತ್ರಗಳಲ್ಲಿ ಕಣ್ಣು ಕೆಂಪಗೆ, ಬಾಯಿ ಸೊಟ್ಟಗೆ, ಕತ್ತಿನ ನರ ಉಬ್ಬಿತ್ತು. ಆರನೆಯದರಲ್ಲಿ ಮಾತ್ರ ನಗುತ್ತಿದ್ದೆ. ಜಗಳವಾದಾಗಲೆಲ್ಲ ಅವಳು ಮಾತು ಮುಗಿಸುವವರೆಗೆ ನಾನು ಸುಮ್ಮನೆ ನಗುತ್ತಿದ್ದೆನಲ್ಲ, ಅದೇ ನಗು. ಅದರ ಹಿಂದೆ ‘ಕ್ಷಮೆ’ ಎಂದು ಬರೆದಿಟ್ಟೆ. ನನ್ನ ದೊಡ್ಡತನಕ್ಕೆ ನನಗೇ ಕಣ್ಣು ತುಂಬಿತ್ತು.

ಅಡುಗೆಮನೆಯ ಗೋಡೆ ರಿಪೇರಿಗೆ ಬಂದ ಮೇಸ್ತ್ರಿ, ಜಗಲಿಯಲ್ಲಿ ಒರಗಿಸಿದ್ದ ಚಿತ್ರಗಳ ಮುಂದೆ ನಿಂತುಬಿಟ್ಟ. ನನ್ನ ಕಲೆಗೆ ಸಿಕ್ಕ ಮೊದಲ ಪ್ರೇಕ್ಷಕ.

“ಸಾರ್, ಇದ್ರಲ್ಲಿ ಒಂದು ಕೊಡ್ತೀರಾ? ಕುಶಾಲನಗರದಲ್ಲಿ ಮನೆ ಕಟ್ತಾ ಇದ್ದೀವಿ. ದೃಷ್ಟಿಗೆ ಕಟ್ಟೋಕೆ ಬೇಕಿತ್ತು.”

ಸಿಟ್ಟು ಬಂತು. ಆದರೆ ಇದುವರೆಗೆ ಕೇಳಿದವನು ಅವನೊಬ್ಬನೇ. ಕೆಂಪು ಕಣ್ಣಿನದೊಂದನ್ನು ಎತ್ತಿಕೊಟ್ಟೆ.

“ಅದು ಪಾಪ ಸಾರ್, ಹಲ್ಲುನೋವು ಬಂದವರ ಹಾಗೆ ಉಂಟು,” ಎಂದು ಪಕ್ಕಕ್ಕಿಟ್ಟು, ನಗುವ ಚಿತ್ರ ತೋರಿಸಿದ. “ಇದು ಕೊಡಿ. ಇದನ್ನ ನೋಡಿದ್ರೆ ಯಾರೂ ಹತ್ರ ಬರಲ್ಲ.”

ಮುಂದಿನ ವಾರ ಬಸ್ಸಿನಲ್ಲಿ ಹೋಗುವಾಗ ಆ ಮನೆ ಕಂಡಿತು. ಬೂದುಗುಂಬಳಕಾಯಿಯ ಪಕ್ಕ ನಾನು ನೇತಾಡುತ್ತ ನಗುತ್ತಿದ್ದೆ. ಮುಂದಿನ ಸೀಟಿನ ಮಗು ಅದನ್ನು ನೋಡಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

ಆ ಮುಖದ ಎದುರು ನನ್ನ ಹೆಂಡತಿ ಒಂಬತ್ತು ವರ್ಷ ಊಟಕ್ಕೆ ಕೂತಿದ್ದಳು.