ಕುರ್ಚಿ ಹೊತ್ತು ಊರು ಬಿಟ್ಟವರು

ಮೊನ್ನೆ ಕೆಂಡಲ್ ಪಾರ್ಕ್ ಬಡಾವಣೆಯಲ್ಲಿ ಯಾರದೋ ಮನೆಯ ಬಾಗಿಲು ತೆರೆದಾಗ ನೀಲಗಿರಿ ವಾಸನೆಯ ಕೆಮ್ಮಿನ ಮಿಠಾಯಿ ಘಮ್ಮೆಂದಿತು. ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡ್‌ನ ಚುನಾವಣೆಗೆ ನಿಂತಿರುವ ನಾನು ಓಟು ಕೇಳುವುದನ್ನೇ ಮರೆತೆ... ನಮ್ಮ ಹಿಸ್ಟರಿ ಟೀಚರ್ ಬಾಯಲ್ಲಿ ಸದಾ ಅದೇ ಇರುತ್ತಿತ್ತು. ಅದನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಉರುಳಿಸುತ್ತ ಅವರು ಮಾತಾಡುವುದನ್ನು ನಾನು ಅಣಕಿಸಿದರೆ ಕ್ಲಾಸೇ ಬಿದ್ದು ನಗುತ್ತಿತ್ತು. ಓದಿನಲ್ಲಿ ನಾನು ಅಷ್ಟಕ್ಕಷ್ಟೆ. ಇದ್ದ ವಿದ್ಯೆ ಇದೊಂದೇ.

ಆ ವರ್ಷ ಟೀಚರ್ ನಮ್ಮ ಕ್ಲಾಸನ್ನೇ ಹಳೆಯ ನ್ಯೂವರ್ಕ್ ಪಟ್ಟಣ ಮಾಡಿದರು. ಪ್ಯೂರಿಟನ್ನರೆಂಬ ಇಂಗ್ಲಿಷ್ ಕಟ್ಟಾ ಕ್ರೈಸ್ತರು ಬಂದು ನೆಲೆಯೂರಿದ ಕಾಲದಲ್ಲಿ ಅಲ್ಲಿ ಚರ್ಚಿನ ಸದಸ್ಯರಿಗೆ ಮಾತ್ರ ಓಟು. ಸದಸ್ಯರು ಯಾರೆಂದು ಚೀಟಿ ಎತ್ತಿದೆವು, ನಾನು ಸದಸ್ಯನಾಗಲಿಲ್ಲ. ಮನೆಯಲ್ಲಿ ಹೇಳಿದರೆ ಅಮ್ಮ, "ಅಂದ್ರೆ ನಮ್ಮ ಮಡಿ ಅಜ್ಜಿ ಕೈಗೆ ಸರ್ಕಾರ ಕೊಟ್ಟ ಹಾಗೆ!" ಎಂದು ನಕ್ಕಳು. ಆಗಿನ್ನೂ ಸಿಟಿಜನ್ ಆಗಿರದ ಅಪ್ಪ ನಗಲಿಲ್ಲ. "ಟ್ಯಾಕ್ಸ್ ಕಟ್ತೀನಿ, ಓಟಿಲ್ಲ. ನಂದೂ ಅದೇ ಕಥೆ ಕಣೋ."

ಮರುದಿನ ಕ್ಲಾಸಿನಲ್ಲಿ ಊರಸಭೆ. ಟೆಸ್ಟ್ ದೀಪಾವಳಿಯ ದಿನವೇ ಬಿದ್ದಿತ್ತು, ಬದಲಿಸಬೇಕೆ? ಬೇಡವೆಂದು ಸದಸ್ಯರು ಕೈ ಎತ್ತಿದರು. ನಾನು ಹಿಂದಿನ ಸಾಲಿನಿಂದ ಟೀಚರ್ ದನಿಯಲ್ಲೇ, "ಟೆಸ್ಟ್ ಕ್ಯಾನ್ಸಲ್!" ಎಂದೆ. ಎಲ್ಲರೂ ನಕ್ಕರು, ಅವರೊಬ್ಬರನ್ನು ಬಿಟ್ಟು.

"ಅದು ನನ್ನ ದನಿ. ನಿನ್ನದು ಎಲ್ಲಿ?"

ಎದ್ದು ನಿಂತೆ. "ಹಬ್ಬ ನಮ್ಮದು. ನಮ್ಮನ್ನೂ ಕೇಳಿ."

"ಎದುರು ಮಾತಾಡಿದವರಿಗೆ ಈ ಊರಲ್ಲಿ ಜಾಗವಿಲ್ಲ. ಗಡೀಪಾರು," ಎಂದರು ಟೀಚರ್.

ಕುರ್ಚಿ ಹೊತ್ತು ಕಾರಿಡಾರಿಗೆ ನಡೆದೆ. ಹಿಂದೆಯೇ ಇನ್ನೊಂದು ಕುರ್ಚಿ ಎಳೆದ ಸದ್ದು, ಮತ್ತೊಂದು... ದೀಪಾವಳಿ ಇಲ್ಲದವರೂ ಬಂದರು. ಟೀಚರ್ ಬಾಗಿಲಿಗೆ ಬಂದು, "ಎಷ್ಟೋ ಊರು ಹುಟ್ಟಿದ್ದು ಹೀಗೇ. ನಿಮ್ಮ ಊರಲ್ಲಿ ಯಾರಿಗೆ ಓಟು?" ಎಂದರು.

"ಎಲ್ಲರಿಗೂ!"

ನಮ್ಮ ಊರು ಟೆಸ್ಟನ್ನು ಎರಡು ದಿನ ಮುಂದೂಡಿತು. ಅವರು ಒಪ್ಪಿದರು. ನನಗೆ ಬಂದದ್ದು ಸಿ, ಆ ಮಾತು ಬೇರೆ.

ನಿನ್ನೆ ಟೀಚರ್ ಓಟು ಕೇಳಲು ಮಾನ್ಮತ್ ಜಂಕ್ಷನ್ ಬಡಾವಣೆಯ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಬೇರೆ ಯಾರೋ. ಟೀಚರ್ ಹೋದ ಚಳಿಗಾಲದಲ್ಲೇ ತೀರಿಕೊಂಡರಂತೆ... ಡ್ರೈವ್‌ವೇಯಲ್ಲೇ ನಿಂತುಬಿಟ್ಟೆ. ಅವರಿದ್ದರೆ ಓಟು ಹಾಕುತ್ತಿದ್ದರೋ ಇಲ್ಲವೋ, ಪ್ರಶ್ನೆ ಕೇಳಿ ನನ್ನ ಬೆವರಿಳಿಸದೆ ಬಿಡುತ್ತಿರಲಿಲ್ಲ.

ಈ ಸಲ ಮೊದಲ ಬಾರಿಗೆ ಓಟು ಹಾಕಲಿರುವ ಅಪ್ಪ ಕಾರಿನಿಂದ ಕೂಗಿದರು: "ಬಾರೋ, ಇನ್ನೂ ಇಡೀ ಬೀದಿ ಬಾಕಿ ಇದೆ."

ಕಣ್ಣೊರೆಸಿಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದೆ.